ಲಾರಿಯ ಗಾಳಿ

ಹಾಸನದ ರಸ್ತೆಯಲ್ಲಿ ಒಂದು ಸಂಜೆ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಲಾರಿಯೊಂದು ಪಕ್ಕದಲ್ಲೇ ನುಗ್ಗಿ ಹೋಯಿತು. ಅದರ ಗಾಳಿಗೆ ಗಾಡಿ ಎಡಕ್ಕೆ ವಾಲಿತು. ಹ್ಯಾಂಡಲನ್ನು ಬಲಕ್ಕೆ ಎಳೆದೆ. ಹೆಚ್ಚಾಯಿತೆಂದು ಎಡಕ್ಕೆ, ಮತ್ತೆ ಬಲಕ್ಕೆ. ಬಿದ್ದೆವು. ನನಗೆ ತರಚು ಗಾಯ, ಅಪ್ಪನ ಮುಂಗೈ ಮುರಿದಿತ್ತು. ನೋಡಲು ಬಂದವರಿಗೆಲ್ಲ ಲಾರಿಯ ಕಥೆಯನ್ನೇ ಹೇಳಿದೆ.

ವಿಮಾನ ಅಪಘಾತಗಳ ತನಿಖಾ ವರದಿ ಓದುವ ಹುಚ್ಚು ನನಗೆ. ಆ ವಾರ ಓದುತ್ತಿದ್ದದ್ದು ಅಮೆರಿಕನ್ ಏರ್‌ಲೈನ್ಸ್ 587ರ ವರದಿ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಸ್ಯಾಂಟೊ ಡೊಮಿಂಗೊಗೆ ಹೊರಟ ಏರ್‌ಬಸ್ ಎ300 ಅದು. ಅದರ ಮುಂದೆ ಜಪಾನ್ ಏರ್‌ಲೈನ್ಸಿನ ಬೋಯಿಂಗ್ 747 ಹಾರಿತ್ತು. ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಎರಡು ಸುಳಿಗಾಳಿಗಳು ಹುಟ್ಟಿ, ಕಣ್ಣಿಗೆ ಕಾಣದೆ ಹಿಂದೆಯೇ ಉಳಿದು, ಮೆಲ್ಲಗೆ ಕೆಳಗಿಳಿಯುತ್ತವೆ. ಅದಕ್ಕೆ ಸಿಕ್ಕಿ 587 ಅಲುಗಾಡಿತು. ವಿಮಾನ ನಡೆಸುತ್ತಿದ್ದ ಸಹಪೈಲಟ್ ಪೆಡಲ್ ತುಳಿದು ಬಾಲದ ರಡ್ಡರನ್ನು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಪೂರ್ತಿ ತಿರುಗಿಸಿದರು. ಪ್ರತಿ ತುಳಿತಕ್ಕೂ ವಿಮಾನ ಪಕ್ಕಕ್ಕೆ ಹೊರಳಿತು, ಗಾಳಿಯ ಹೊಡೆತ ಬಾಲದ ಮೇಲೆ ಬಿತ್ತು. ಕೆಲವೇ ಸೆಕೆಂಡುಗಳಲ್ಲಿ ಬಾಲದ ನೆಟ್ಟನೆಯ ರೆಕ್ಕೆ ಕಿತ್ತುಕೊಂಡು ಜಮೈಕಾ ಕೊಲ್ಲಿಗೆ ಬಿತ್ತು. ವಿಮಾನದಲ್ಲಿದ್ದ 260 ಜನರೂ, ಕೆಳಗೆ ಬೆಲ್ ಹಾರ್ಬರಿನಲ್ಲಿದ್ದ 5 ಜನರೂ ಸತ್ತರು.

2004ರ ವರದಿ ಹೇಳುವುದು ಇಷ್ಟು: ವಿಮಾನವನ್ನು ಮುರಿದದ್ದು ಸುಳಿಗಾಳಿಯಲ್ಲ, ಅತಿಯಾದ ಆ ತುಳಿತಗಳು. ಸುಮ್ಮನಿದ್ದಿದ್ದರೂ ಅಲುಗಾಟ ತಾನಾಗಿ ತಣ್ಣಗಾಗುತ್ತಿತ್ತು.

ನನ್ನ ಕತ್ತು ಬಗ್ಗಿತು. ಆದರೆ ವರದಿ ಅಲ್ಲಿಗೆ ನಿಲ್ಲುವುದಿಲ್ಲ. ವೇಗ ಹೆಚ್ಚಿದಂತೆ ಆ ವಿಮಾನದ ಪೆಡಲ್ ತೀರಾ ಸೂಕ್ಷ್ಮವಾಗುತ್ತಿತ್ತು. ವಿಮಾನ ವಾಲಿದರೆ ರಡ್ಡರ್ ಬಳಸಿ ಎಂಬಂತೆ ಕಂಪನಿಯ ತರಬೇತಿಯೂ ಇತ್ತು. ಒಂದು ವೇಗದೊಳಗಿದ್ದರೆ ಹೇಗೆ ತುಳಿದರೂ ವಿಮಾನ ಮುರಿಯದು ಎಂದು ಎಷ್ಟೋ ಪೈಲಟ್‌ಗಳು ನಂಬಿದ್ದರು. ಆ ಭರವಸೆ ಒಂದು ಬಾರಿಯ ತುಳಿತಕ್ಕೆ ಮಾತ್ರ. ಎಡಬಲ ಮಾಡಿದರೆ ಇಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಿ, "ಬೀಳಿಸಿದ್ದು ಲಾರಿ ಅಲ್ಲಪ್ಪ, ನಾನೇ" ಅಂದೆ.

ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. "ಗಾಡಿ ವಾಲಿದ್ರೆ ತಕ್ಷಣ ಆಚೆ ಕಡೆ ಎಳೀಬೇಕು ಅಂತ ನಿಂಗೆ ಹೇಳಿಕೊಟ್ಟೋನು ನಾನೇ ಅಲ್ವೇನೋ?"

ಆಮೇಲೆ ಬಂದವರಿಗೆ ನಾನು ಲಾರಿಯ ಕಥೆ ಹೇಳಲಿಲ್ಲ.