ಬಸ್ ಕಾಗವಾಡದ ತನಕ ಅಷ್ಟೇ

ಹೋದ ತಿಂಗಳು ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಎಲ್ಲರೂ ಸೇರಿ 1977ರ ಮೊದಲ ಸ್ಟಾರ್ ವಾರ್ಸ್ ನೋಡಿದೆವು. ಎಲ್ಲರಿಗೂ ಕೊನೆಯ ಡೆತ್ ಸ್ಟಾರ್ ಸ್ಫೋಟ ಇಷ್ಟ ಆಯ್ತು. ನನ್ನ ತಲೆಯಲ್ಲಿ ಉಳಿದದ್ದು ಲ್ಯೂಕ್‌ನ ಚಿಕ್ಕಪ್ಪ, ಚಿಕ್ಕಮ್ಮ. ಎಲ್ಲೋ ಮೂಲೆಯ ಮರಳುಗಾಡಿನ ಗ್ರಹ, ಅಲ್ಲಿ ಗೂಂಡಾಗಳದ್ದೇ ಕಾನೂನು. ಗಾಳಿಯಿಂದ ನೀರು ತೆಗೆದು ಬದುಕೋ ರೈತರು ಇವರು. ಹೊಲದ ಕೆಲಸಕ್ಕೆ ಎರಡು ಹಳೇ ರೋಬೋಟ್ ಕೊಂಡರು, ಅಷ್ಟೇ. ಅದರಲ್ಲಿ ಒಂದರೊಳಗೆ ಯಾರದೋ ಯುದ್ಧದ ನಕ್ಷೆ ಇತ್ತು. ಸೈನಿಕರು ಬಂದು ಇಬ್ಬರನ್ನೂ ಸುಟ್ಟು ಹಾಕಿದರು. ಸಿನಿಮಾ ಒಂದು ನಿಮಿಷ ನಿಂತು ಮುಂದೆ ಹೋಗಿಬಿಡುತ್ತದೆ.

ನನಗೆ ಆಯಿ ನೆನಪಾದಳು. ಆಯಿ ಅಂದರೆ ನಮ್ಮ ಕಡೆ ಅಜ್ಜಿ.

ನಮ್ಮ ಊರು ಕಾಗವಾಡದ ಹತ್ತಿರ. ನಮಗೆ ಬೆಳಗಾವಿ ನೂರು ಕಿಲೋಮೀಟರ್‌ಗಿಂತ ದೂರ, ಮಹಾರಾಷ್ಟ್ರದ ಮಿರಜ ಪಕ್ಕದಲ್ಲೇ. ಮಿರಜದಲ್ಲಿ ಡಾಕ್ಟರ್ ವಾನ್ಲೆಸ್ ಮಿಷನ್ ಆಸ್ಪತ್ರೆ ಶುರುಮಾಡಿದ್ದು 1894ರಲ್ಲಿ, ಈ ಗಡಿಗೆರೆ ಹುಟ್ಟೋ ಮೊದಲು. ಅಥಣಿ, ರಾಯಬಾಗ ಕಡೆಯವರೂ ದೊಡ್ಡ ಕಾಯಿಲೆ ಅಂದರೆ ಅದೇ ಊರಿಗೆ ಹೋಗೋದು. ಆಯಿಗೆ ಅಲ್ಲಿನ ಇನ್ನೊಂದು ಸಣ್ಣ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿತ್ತು.

ಜಗಳದ ಕಥೆ ನಿಮಗೆ ಗೊತ್ತಿರಬಹುದು. 1956ರಲ್ಲಿ ರಾಜ್ಯಗಳ ವಿಂಗಡಣೆ, 1967ರಲ್ಲಿ ಮಹಾಜನ್ ವರದಿ. ಅದರಲ್ಲಿ ನಿಪ್ಪಾಣಿ ಅವರಿಗೆ, ಜತ್ತದ ಹಳ್ಳಿಗಳು ನಮಗೆ ಅಂತ ಇತ್ತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಿಪ್ಪಾಣಿ ನಮ್ಮದೇ ಅಂತ ನಾನೂ ವಾದ ಮಾಡ್ತೀನಿ, ನವೆಂಬರ್ 1ಕ್ಕೆ ಕ್ಲಬ್‌ನ ಬಾವುಟ ಹಿಡಿಯೋನೂ ನಾನೇ. ಅದು ಬೇರೆ.

2022ರ ಡಿಸೆಂಬರ್. ನಾನು ಫಸ್ಟ್ ಪಿಯುಸಿ. ಎರಡೂ ಕಡೆಯ ಮಂತ್ರಿಗಳು ಟಿವಿಯಲ್ಲಿ ದಿನಾ ಮಾತಾಡ್ತಿದ್ದರು. ಡಿಸೆಂಬರ್ 6ಕ್ಕೆ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಅತ್ತ ನಮ್ಮ ಬಸ್‌ಗಳಿಗೆ ಮಸಿ. ಮರುದಿನ ಆಯಿ ಡಯಾಲಿಸಿಸ್‌ಗೆ ಹೊರಟಳು. ಕಂಡಕ್ಟರ್ "ಕಾಗವಾಡದ ತನಕ ಅಷ್ಟ ರೀ, ಮುಂದ ಬಸ್ ಇಲ್ಲ" ಅಂದರು.

ಇಳಿದು ಆಟೋ ಕೇಳಿದೆವು. "ಕೆಎ ಪ್ಲೇಟ್ ಐತ್ರಿ ಅಣ್ಣಾ, ಆ ಕಡಿ ಬರಂಗಿಲ್ಲ." ತಪ್ಪು ಅನ್ನೋಕಾಗಲ್ಲ, ಗಾಜು ಒಡೆದರೆ ಅವನಿಗೆ ಕೊಡೋರು ಯಾರು? ಅಪ್ಪ ಮ್ಹೈಸಾಳದ ಮಾಮಾಗೆ ಫೋನ್ ಮಾಡಿದರು. ಅತ್ಯಾನ ಗಂಡ, ಮನೆಯಲ್ಲಿ ಮರಾಠಿ, ನಮ್ಮ ಹತ್ತಿರ ಅರ್ಧ ಕನ್ನಡ. ಅಪ್ಪ ಯಾರದೋ ಬೈಕ್ ಇಸ್ಕೊಂಡು ಆಯಿಯನ್ನು ಗಡಿ ತನಕ ತಂದರು, ನಾನು ಹಿಂದೆ ಕೂತು ಹಿಡಿದುಕೊಂಡಿದ್ದೆ. ಮಾಮಾ ಆ ಕಡೆಯಿಂದ ಬಂದ. ಕೆಎ ಬೈಕಿಂದ ಇಳಿಸಿ ಎಂಎಚ್ ಬೈಕಿಗೆ ಹತ್ತಿಸಿದೆವು. ಆಯಿಯ ಕಾಲು ಬಾತಿತ್ತು, ಚಪ್ಪಲಿ ಒಳಗೆ ಹೋಗ್ತಾ ಇರಲಿಲ್ಲ, ಕೈಯಲ್ಲೇ ಹಿಡಿದಿದ್ದಳು. "ನಿನ್ನೆ ತನಕ ಇದ್ದ ರಸ್ತಾ ಇವತ್ತ ಯಾರ ಒಯ್ದ್ರೋ" ಅಂದಳು. ಮಾಮಾ ನಕ್ಕ, ಅಪ್ಪ ನಗಲಿಲ್ಲ.

ಮುಟ್ಟುವಷ್ಟರಲ್ಲಿ ಆಯಿಯ ಮಷೀನ್ ಬೇರೆಯವರಿಗೆ ಹೋಗಿತ್ತು. ರಾತ್ರಿ ತನಕ ಕಾಯಬೇಕಾಯಿತು. ಆಮೇಲಾಮೇಲೆ ಆಯಿಗೆ ಉಸಿರು ಸಿಗದ ಹಾಗಾಗಿ, ಗೋಡೆಗೆ ಒರಗಿ ಕೂತೇ ಇದ್ದಳಂತೆ.

ಹಾಸ್ಟೆಲ್‌ನಲ್ಲಿ ಮೈಸೂರಿನ ರೂಮ್‌ಮೇಟ್ ಕೇಳಿದ್ದ, "ನಿಮ್ಮ ಕಡೆ ಲಾ ಆ್ಯಂಡ್ ಆರ್ಡರ್ ಇಲ್ವೇನೋ?" ಇದೆ. ಗಡಿಯ ಎರಡೂ ಕಡೆ ಪೊಲೀಸರು ಸಾಲಾಗಿ ನಿಂತಿದ್ದರು. ಅವತ್ತು ಇರದಿದ್ದದ್ದು ಬಸ್ ಒಂದೇ. ಭಾಷಣ ಮಾಡಿದವರ ಯಾವ ಕಾರೂ ಆ ರಸ್ತೆಗೆ ಬಂದಿರಲಿಲ್ಲ.

2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಕಂಡಕ್ಟರ್ ಒಬ್ಬರ ಮೇಲೆ ಭಾಷೆಯ ವಿಷಯಕ್ಕೆ ಹಲ್ಲೆ ಆಯ್ತು, ಮತ್ತೆ ಬಸ್ ನಿಂತವು. ನಾನು ಇಲ್ಲಿಂದ ಫೋನ್ ಮಾಡಿದೆ.

"ನಮಗೇನ ತೊಂದ್ರಿ ಇಲ್ಲೋ, ಆಯಿ ಇಲ್ಲಲ್ಲ ಈಗ" ಅಂದರು ಅಪ್ಪ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಎದುರಮನಿ ಕಾಕಾಗ ನಾಳೆ ಡಯಾಲಿಸಿಸ್ ಐತಿ. ಮಾಮಾನ ನಂಬರ್ ಕೊಟ್ಟೇನಿ."