ಅವ್ವನ ಬೆನ್ನು, ಮೋಟಾರಿನ ಸ್ಪ್ರಿಂಗು

ಕಬ್ಬು ಬತ್ತಗಳ ಊರಾದ ಯಲಿಯೂರಿನಲ್ಲಿ ಕುಳಿತು ಪಂದ್ಯದ ಮೋಟಾರುಗಳ ಸ್ಪ್ರಿಂಗನ್ನು ಕುರಿತು ಬರೆಯಹೊರಟರೆ, 'ಇವನಿಗೇಕೆ ಈ ಉಸಾಬರಿ?' ಎಂದು ವಾಚಕರು ನಕ್ಕಾರು. ನಗಲಿ. ಕಳೆದ ಮಾಗಿಯಲ್ಲಿ ಮೂರು ವಾರಗಳ ಕಾಲ ನಮ್ಮ ಮನೆಯ ಜಗಲಿಯ ಮೇಲೆ ಇದನ್ನುಳಿದು ಬೇರೆ ಮಾತೇ ಇರಲಿಲ್ಲ. ಅಣ್ಣನೂ ಅವನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಸಹ ಬಿಟ್ಟಿದ್ದರು.

ಸಂಗತಿ ಇಷ್ಟೆ. ನಮ್ಮ ಅಣ್ಣನ ಮಗನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನಲ್ಲಿ ಒಂದು ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಮೋಟಾರು ಉಂಟು. ಗಾತ್ರದಲ್ಲಿ ಚಿಕ್ಕದು, ಎಂಜಿನ್ನಿನಲ್ಲಿ ಚುರುಕು. ಆ ಕಂಪನಿಯವರು ಅದನ್ನು ನಮ್ಮ ದೇಶದಲ್ಲಿ ಮಾಡುವುದನ್ನು ೨೦೨೨ರಲ್ಲಿ ನಿಲ್ಲಿಸಿದ ಮೇಲೆ ಹುಡುಗರಿಗೆ ಅದರ ಮೇಲಿನ ಮೋಹ ಇನ್ನಷ್ಟು ಹೆಚ್ಚಿದೆ. ಕೊಯಮತ್ತೂರಿನ ಬಳಿಯ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಓಟದ ಕಟ್ಟೆಯಲ್ಲಿ ತನ್ನ ಮೋಟಾರನ್ನು ಓಡಿಸಬೇಕೆಂಬುದು ಅವನ ಬಹುದಿನದ ಹಂಬಲ. ಅದಕ್ಕಾಗಿ ಕಾಯಿಲೋವರ್ ಎಂಬ, ಎತ್ತರ ಬಿಗುವುಗಳನ್ನು ತಿರುಗಿಸಿ ಹೊಂದಿಸಿಕೊಳ್ಳಬಹುದಾದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಜೋಡಣೆಯನ್ನು ಕೊಳ್ಳಲು ಹಣ ಕೂಡಿಟ್ಟಿದ್ದನು. ಹಣವೆಂದರೆ ಅಲ್ಪಸ್ವಲ್ಪವಲ್ಲ, ಒಂದು ಜೊತೆ ಒಳ್ಳೆಯ ಹಳ್ಳಿಕಾರ್ ಎತ್ತಿಗೆ ಕೊಡುವಷ್ಟು.

ಆದರೆ ತಿಂಗಳಿಗೊಮ್ಮೆ ಅವ್ವನನ್ನು ಮೈಸೂರಿನ ವೈದ್ಯರ ಬಳಿಗೆ ಕರೆದೊಯ್ಯುವುದೂ ಅದೇ ಮೋಟಾರೇ. ಅವ್ವನಿಗೆ ಎಪ್ಪತ್ತೊಂಬತ್ತು ವರ್ಷ. ಮೂಳೆ ಸವೆದು ಹಿಂದಿನ ವರ್ಷ ಬೆನ್ನಿನ ಒಂದು ಮಣಿ ಕುಸಿದಿತ್ತು. ನೆಟ್ಟಗೆ ಕುಳಿತು ಪ್ರಯಾಣ ಮಾಡಬಹುದು, ಎತ್ತಿ ಹಾಕುವಂತಹ ಪೆಟ್ಟು ಮಾತ್ರ ಒಂದೂ ಕೂಡದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಬಾಡಿಗೆಯ ಮೋಟಾರನ್ನು ಅವಳು ಹತ್ತಳು. ಮೊಮ್ಮಗನ ಕೈಯಲ್ಲಿ ಚಕ್ರವಿದ್ದರೆ ಮಾತ್ರ ಅವಳಿಗೆ ಧೈರ್ಯ. "ಓಟದ ಗಾಡಿಯ ಸ್ಪ್ರಿಂಗು ಕಲ್ಲಿನಂತಿರುತ್ತದೆ, ಅದನ್ನು ಹಾಕಿಸಿದ ದಿನವೇ ಅವ್ವ ಮನೆಯಲ್ಲಿ ಮಲಗಬೇಕು" ಎಂದು ಅಣ್ಣನು ಖಂಡಿತವಾಗಿ ಹೇಳಿಬಿಟ್ಟನು. ಹುಡುಗನು ನನ್ನ ಬಳಿ ಬಂದು, "ಚಿಕ್ಕಪ್ಪ, ನೀವೇ ಲೆಕ್ಕ ಹಾಕಿ ಹೇಳಿ. ಅಜ್ಜಿ ಕೂರುವುದಕ್ಕೆ ಆಗುವುದಿಲ್ಲವೆಂದರೆ ನಾನು ಕೊಳ್ಳುವುದಿಲ್ಲ" ಎಂದನು. ನಾನು ಮೂವತ್ತು ವರ್ಷ ಕಾಲ ಕೈಗಾರಿಕಾ ತರಬೇತಿ ಶಾಲೆಯಲ್ಲಿ ಮೋಟಾರು ಕೆಲಸವನ್ನು ಕಲಿಸಿದವನು. ಬೇಡವೆನ್ನುವುದು ಸುಲಭ. ಲೆಕ್ಕ ಹಾಕದೆ ಬೇಡವೆನ್ನಲು ಮನಸ್ಸೊಪ್ಪಲಿಲ್ಲ.

ನಮ್ಮ ಕಡೆಯ ಎತ್ತಿನ ಗಾಡಿಗೆ ಸ್ಪ್ರಿಂಗೇ ಇಲ್ಲವಷ್ಟೆ. ಚಕ್ರಕ್ಕೆ ಬಿದ್ದ ಪೆಟ್ಟು ಅಚ್ಚನ್ನು ಹಾದು ನೇರವಾಗಿ ಕುಳಿತವರ ಬೆನ್ನಿಗೆ ಬರುವುದು. ಮೈಸೂರಿನ ಜಟಕಾಕ್ಕೆ ಉಕ್ಕಿನ ಪಟ್ಟಿಗಳ ಕಮಾನು ಬಂದಿತು. ಕಮಾನು ಬಗ್ಗುವಾಗ ಪೆಟ್ಟನ್ನು ನುಂಗುವುದು, ಆದರೆ ನುಂಗಿದ್ದನ್ನು ಮರಳಿ ಉಗುಳುವುದು. ಪಟ್ಟಿಗೆ ಪಟ್ಟಿ ಉಜ್ಜಿ ಆ ಕುಣಿತ ಸ್ವಲ್ಪ ಸ್ವಲ್ಪವಾಗಿ ಅಡಗುವುದು. ಮೋಟಾರಿನಲ್ಲಿ ಈ ಉಜ್ಜುವ ಕೆಲಸಕ್ಕೆ ಬೇರೆಯ ಸಾಧನವಿದೆ. ಅದೇ ಶಾಕ್ ಅಬ್ಸಾರ್ಬರು: ಎಣ್ಣೆ ತುಂಬಿದ ಕೊಳವೆಯೊಳಗೆ ಸಣ್ಣ ರಂಧ್ರಗಳುಳ್ಳ ಕೊಂತವು ಸರಿದಾಡಿ, ಕುಣಿತವನ್ನೆಲ್ಲ ಶಾಖವಾಗಿ ಮಾಡಿ ಕಳೆಯುವುದು. ಭಾರ ಹೊರುವುದು ಸ್ಪ್ರಿಂಗು, ಕುಣಿತ ನಿಲ್ಲಿಸುವುದು ಎಣ್ಣೆ. ಈ ಕೊಳವೆಯ ಸುತ್ತ ಸ್ಪ್ರಿಂಗನ್ನು ತೊಡಿಸಿ, ಕೊಳವೆಯ ಮೈಗೆ ಮರೆ ಕೊರೆದು, ಸ್ಪ್ರಿಂಗು ಕೂರುವ ಬಳೆಯನ್ನು ಮೇಲೆ ಕೆಳಗೆ ತಿರುಗಿಸುವಂತೆ ಮಾಡಿದರೆ ಅದೇ ಕಾಯಿಲೋವರ್. ಅವ್ವನಿಗೆ ಇದನ್ನು ವಿವರಿಸಿದಾಗ ಅವಳು, "ನಾನು ಮದ್ವೆಯಾಗಿ ಬಂದಾಗ ಗಾಡೀಲಿ ಮೊಳದುದ್ದ ಹುಲ್ಲು ಹಾಸಿದ್ರು. ಅದೂ ಇದ್ನೇ ಮಾಡ್ತಿತ್ತು ಕಣ್ಲಾ" ಎಂದಳು. ಮಾತು ನಿಜ. ಒಣಹುಲ್ಲು ಬಗ್ಗಿಯೂ ಕೊಡುವುದು, ಒಳಗೊಳಗೇ ಉಜ್ಜಿ ಪೆಟ್ಟನ್ನು ಕಳೆಯುವುದು ಸಹ.

ಇನ್ನು ಲೆಕ್ಕಕ್ಕೆ ಬರೋಣ. ಭಾರ ಎರಡರಷ್ಟಾದರೆ ಸ್ಪ್ರಿಂಗು ಎರಡರಷ್ಟು ಕುಗ್ಗುವುದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ೧೬೭೮ರಲ್ಲಿ ಪ್ರಕಟಿಸಿದನು. ಇದರಿಂದ ಒಂದು ಸೊಗಸಾದ ಉಪಯೋಗವಿದೆ: ಮೋಟಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗಿದೆಯೆಂದು ತಿಳಿದರೆ, ಅದು ನಿಮಿಷಕ್ಕೆ ಎಷ್ಟು ಸಲ ತೂಗುವುದೆಂದು ಹೇಳಬಹುದು. ೨೫ ಸೆಂಟಿಮೀಟರು ಕುಗ್ಗಿದ್ದರೆ ನಿಮಿಷಕ್ಕೆ ಸುಮಾರು ೬೦ ಸಲ. ೧೧ ಸೆಂಟಿಮೀಟರಾದರೆ ೯೦. ೬ ಸೆಂಟಿಮೀಟರು ಮಾತ್ರವಾದರೆ ೧೨೦. ಮನುಷ್ಯನ ನಾಡಿಯಂತೆಯೇ ಇದೆಯೆಂಬುದನ್ನು ವಾಚಕರು ಗಮನಿಸಿರಬಹುದು. ಮನೆಮಂದಿಯ ಮೋಟಾರುಗಳು ಅರವತ್ತರಿಂದ ತೊಂಬತ್ತರವರೆಗೆ ತೂಗುವುವು. ಓಟದವು ನೂರಿಪ್ಪತ್ತನ್ನು ದಾಟುವುವು. ೧೯೩೦ರ ದಶಕದ ಆದಿಯಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರ್ಖಾನೆಯಲ್ಲಿ ಮಾರಿಸ್ ಆಲೀ ಎಂಬ ಇಂಗ್ಲಿಷ್ ಎಂಜಿನಿಯರನು ಒಂದು ಮೋಟಾರಿನ ಮೇಲೆ ಭಾರದ ತುಂಡುಗಳನ್ನು ಅತ್ತಿತ್ತ ಸರಿಸಿ ಓಡಿಸಿ ನೋಡಿ, ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ಕೊಂಚ ಬೇಗ ತೂಗಿದರೆ ಉಬ್ಬು ದಾಟಿದ ಗಾಡಿ ತೊನೆಯದೆ ಸಮನಾಗಿ ನಿಲ್ಲುವುದೆಂದು ಕಂಡುಕೊಂಡನು. ಹಿಂದಿನ ಪೀಠದಲ್ಲಿ ಕೂರುವ ಮುದುಕರಿಗೆಲ್ಲ ಅವನು ಮಾಡಿದ ಉಪಕಾರ ದೊಡ್ಡದು.

ನಮ್ಮ ಹುಡುಗನ ಮೋಟಾರಿನ ಮುಂದಿನ ಒಂದೊಂದು ಚಕ್ರದ ಮೇಲೆ, ಲೆಕ್ಕದ ಸುಲಭಕ್ಕೆ, ೩೦೦ ಕಿಲೋ ಭಾರವಿದೆಯೆನ್ನೋಣ. ಒಂದು ಮಿಲಿಮೀಟರು ಕುಗ್ಗಲು ೩ ಕಿಲೋ ಬೇಡುವ ಸ್ಪ್ರಿಂಗಾದರೆ ನಿಮಿಷಕ್ಕೆ ೯೫ ಸಲ ತೂಗುವುದು. ೪ ಕಿಲೋ ಆದರೆ ೧೦೯. ೮ ಕಿಲೋ ಆದರೆ ೧೫೪. ಅವನ ಗೆಳೆಯನೊಬ್ಬನು ಹಾಕಿಸಿದ್ದುದು ಎಂಟು ಕಿಲೋದ್ದು. ಆ ಗಾಡಿಯಲ್ಲಿ ನಾನು ಇಂಡುವಾಳಿನವರೆಗೆ ಕುಳಿತು ಬಂದೆನು. ಮಾತನಾಡುತ್ತಿದ್ದರೆ ನಾಲಗೆ ಹಲ್ಲಿಗೆ ಸಿಕ್ಕೀತೆಂಬ ಭಯ. ಕುಳಿತ ಮನುಷ್ಯನ ಮೈ ಮೇಲೆ ಕೆಳಗಿನ ಅದುರನ್ನು ಎಲ್ಲಕ್ಕಿಂತ ಹೆಚ್ಚಾಗಿ ಸಹಿಸದಿರುವುದು ಸೆಕೆಂಡಿಗೆ ೪ರಿಂದ ೮ ಸಲದ ಅದುರಿನಲ್ಲಿ. ಬಿರುಸಾದ ಸ್ಪ್ರಿಂಗೂ ಬಿಗಿಯಾದ ಎಣ್ಣೆಯೂ ಸೇರಿದರೆ ದಾರಿಯ ಸಣ್ಣ ಒರಟೆಲ್ಲ ಅದೇ ಅದುರಾಗಿ ಮೇಲಕ್ಕೆ ಬರುವುದು.

ಆದರೂ ಬೆನ್ನು ಮುರಿಯುವುದು ಈ ಅದುರಲ್ಲ. ಇದನ್ನು ನಾನು ಅಣ್ಣನಿಗೆ ತಿಳಿಸಿ ಹೇಳಬೇಕಾಯಿತು. ಸ್ಪ್ರಿಂಗು ಕುಗ್ಗಿ ಕುಗ್ಗಿ ಕೊನೆಗೆ ಜಾಗವೇ ತೀರಿದಾಗ, ಅಲ್ಲಿ ಒಂದು ರಬ್ಬರಿನ ಗುಬುಟು ಇರುತ್ತದೆ. ಗಾಡಿ ಅದಕ್ಕೆ ಹೋಗಿ ಬಡಿಯುವುದು. 'ಎತ್ತಿ ಹಾಕುವ ಪೆಟ್ಟು' ಎಂದು ವೈದ್ಯರು ಅಂದದ್ದು ಇದೇ. ಓಟದ ಹುಡುಗರು ಮೊದಲು ಮಾಡುವುದೇನು? ಗಾಡಿಯನ್ನು ನೆಲಕ್ಕೆ ಇಳಿಸುವುದು. ಇಳಿಸಿದಷ್ಟೂ ಆ ಗುಬುಟು ಹತ್ತಿರವಾಗುವುದು. ಮೆತ್ತನೆಯ ಸ್ಪ್ರಿಂಗಿನ ಗಾಡಿಯನ್ನು ಎರಡು ಅಂಗುಲ ಇಳಿಸಿದರೆ, ಬಿರುಸಾದ ಸ್ಪ್ರಿಂಗಿನ ಎತ್ತರದ ಗಾಡಿಗಿಂತಲೂ ಅದು ಮುದುಕರಿಗೆ ಅಪಾಯ. ಹೀಗಾಗಿ ನಮ್ಮ ಮನೆಯ ಪ್ರಶ್ನೆ 'ಬಿರುಸೋ ಮೆದುವೋ' ಎಂಬುದಕ್ಕಿಂತ 'ಎಷ್ಟು ಇಳಿಸುವೆ?' ಎಂಬುದೇ ಆಗಿದ್ದಿತು. ಹುಡುಗನ ಮುಖ ಬಾಡಿತು. ಗಾಡಿ ನೆಲಕ್ಕಂಟಿ ನಿಲ್ಲುವ ಆ ಠೀವಿಯ ಮೇಲೆಯೇ ಅವನಿಗೆ ಅರ್ಧ ಆಸೆ.

ನಮ್ಮ ದಾರಿಗಳೂ ಎರಡು ಬಗೆ. ೨೦೨೩ನೆಯ ಮಾರ್ಚಿ ೧೨ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಯಾವ ಸ್ಪ್ರಿಂಗಾದರೂ ನಡೆದೀತು. ಆದರೆ ಅದರಿಂದಿಳಿದು ನಾಲೆಯ ಬದಿಯ ದಾರಿ ಹಿಡಿದರೆ, ಕಬ್ಬಿನ ಟ್ರ್ಯಾಕ್ಟರುಗಳು ಅರೆಸಿದ ಹಳ್ಳಗಳು, ಮನೆಮನೆಗೊಂದರಂತೆ ಎದ್ದಿರುವ ಉಬ್ಬುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಹೇಳುವ ಉಬ್ಬು ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರ; ಅದನ್ನು ಗಂಟೆಗೆ ೨೫ ಕಿಲೋಮೀಟರು ವೇಗದಲ್ಲಿ ಸಲೀಸಾಗಿ ದಾಟಬಹುದು. ನಮ್ಮ ಊರಕಡೆಯ ಉಬ್ಬುಗಳನ್ನು ಕಟ್ಟಿದವರು ಅದರ ಎತ್ತರವನ್ನು ಕೇಳಿಬಲ್ಲರು, ಅಗಲವನ್ನು ಕೇಳಿದಂತಿಲ್ಲ.

ಬೆಂಗಳೂರಿನ ಒಂದು ಅಂಗಡಿಗೆ ಇಬ್ಬರೂ ಹೋದೆವು. ಜರ್ಮನಿಯ ಬಿಲ್‌ಸ್ಟೈನ್, ಕೆ.ಡಬ್ಲ್ಯೂ., ಸ್ವೀಡನ್ನಿನ ಓಲಿನ್ಸ್, ಜಪಾನಿನ ಟೈನ್ ಮೊದಲಾದ ಹೆಸರುಗಳನ್ನು ಮಾರುವಾತನು ಮಂತ್ರದಂತೆ ಪಠಿಸಿದನು. "ಇದರಲ್ಲಿ ಮೂವತ್ತೆರಡು ಕ್ಲಿಕ್ಕುಗಳಿವೆ ಸಾರ್" ಎಂದು ತಿರುಪನ್ನು ಕಟಕಟನೆ ತಿರುಗಿಸಿ ತೋರಿಸಿದನು. ಕ್ಲಿಕ್ಕು ಎಷ್ಟಿದ್ದರೇನು? ಆ ತಿರುಪು ಎಣ್ಣೆಯ ದಾರಿಯನ್ನು ಹಿಗ್ಗಿಸುವುದು ಕುಗ್ಗಿಸುವುದಷ್ಟೆ; ಎಂಟು ಕಿಲೋ ಸ್ಪ್ರಿಂಗನ್ನು ನಾಲ್ಕು ಕಿಲೋದ್ದನ್ನಾಗಿ ಮಾಡಲಾರದು. ನಾನು ಕೇಳಿದ ಪ್ರಶ್ನೆಗಳು ಬೇರೆ. ಸ್ಪ್ರಿಂಗಿನ ಬಿಗುವು ಎಷ್ಟು ಕಿಲೋ? ಅತಿ ಎತ್ತರಕ್ಕೆ ಏರಿಸಿದರೂ ಗಾಡಿ ಎಷ್ಟು ಇಳಿಯುತ್ತದೆ? ಬಹುಪಾಲು ಜೋಡಣೆಗಳು ಎಷ್ಟು ಏರಿಸಿದರೂ ಮೊದಲಿನ ಎತ್ತರವನ್ನು ಮುಟ್ಟವು. ಇಪ್ಪತ್ತೈದು ಮೂವತ್ತು ಮಿಲಿಮೀಟರಾದರೂ ತಗ್ಗಿಯೇ ಇರುವುವು. ಮೂರನೆಯದು: ಎತ್ತರ ಹೊಂದಿಸುವುದು ಸ್ಪ್ರಿಂಗಿನ ಬಳೆಯಿಂದಲೋ, ಕೊಳವೆಯ ಬುಡವನ್ನು ತಿರುಗಿಸಿಯೋ? ಬಳೆಯನ್ನು ಇಳಿಸಿದರೆ ಕೊಂತ ಸರಿಯುವ ಜಾಗವೇ ಕಡಮೆಯಾಗುವುದು. ಬುಡ ಬೇರೆಯಾಗಿ ತಿರುಗುವಂಥದಾದರೆ ಆ ಜಾಗ ಹಾಗೆಯೇ ಉಳಿಯುವುದು. ಮೊದಲನೆಯ ಪ್ರಶ್ನೆಗೇ ಆ ಮನುಷ್ಯನು ಪುಸ್ತಕ ಹುಡುಕಲು ಒಳಗೆ ಹೋದನು.

ಇನ್ನೊಂದು ತಮಾಷೆ. ನಾಲ್ಕು ಚಕ್ರಕ್ಕೂ ಕಾಯಿಲೋವರ್ ಎಂದು ಮಾರುವರಾದರೂ ಪೋಲೋದ ಹಿಂದಿನ ಭಾಗದಲ್ಲಿ ಸ್ಪ್ರಿಂಗು ಒಂದು ಕಡೆ, ಎಣ್ಣೆಯ ಕೊಳವೆ ಒಂದು ಕಡೆ. ಅಲ್ಲಿ ಎತ್ತರದ ತಿರುಪು ಸ್ಪ್ರಿಂಗಿನ ಕೆಳಗೆ ಬೇರೆಯಾಗಿ ಕೂರುತ್ತದೆ. ನಿಜವಾದ ಕಾಯಿಲೋವರ್ ಮುಂದಿನ ಎರಡು ಮಾತ್ರ.

ಕಾನೂನಿನ ಮಾತನ್ನೂ ಮರೆಯತಕ್ಕದ್ದಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒತ್ತಿ ಹೇಳಿದೆ. ಸಾರಿಗೆ ಕಛೇರಿಗೂ ವಿಮೆಯವರಿಗೂ ಬರೆದು ಕೇಳಿ, ಉತ್ತರ ಕೈಗೆ ಬಂದ ಮೇಲೆಯೇ ಹಣ ಕಟ್ಟಬೇಕೆಂದು ನಾನು ಹಟ ಹಿಡಿದೆನು. ಮೂರು ವಾರ ಹಿಡಿದದ್ದು ಅದರಿಂದಲೇ.

ಕೊನೆಗೆ ತಂದದ್ದು ಅಂಗಡಿಯಾತನು ಮೊದಲು ಹೊಗಳಿದ್ದಲ್ಲ. ಮುಂದಿನ ಸ್ಪ್ರಿಂಗು ನಾಲ್ಕು ಕಿಲೋ, ಬುಡ ಬೇರೆಯಾಗಿ ತಿರುಗುವಂಥದು, ಇಳಿತ ಹದಿನೈದು ಮಿಲಿಮೀಟರು ಮಾತ್ರ. ನೋಡಿದವರಿಗೆ ಗಾಡಿಗೆ ಏನೋ ಮಾಡಿಸಿದ್ದಾನೆಂದು ತೋರುವಂತೆಯೂ ಇರಲಿಲ್ಲ. ಗೆಳೆಯರು ಹಾಸ್ಯ ಮಾಡಿದರಂತೆ. ಹುಡುಗನು ನಮ್ಮೆದುರು ಆ ಮಾತೆತ್ತಲಿಲ್ಲ. ಚಕ್ರಗಳ ಓರೆಯನ್ನು ಯಂತ್ರದಲ್ಲಿಟ್ಟು ಸರಿಪಡಿಸಿದ ಮೇಲೆ ತಿರುಪಿನ ಕೆಲಸ ಉಳಿಯಿತು. ಪೂರ್ತಿ ಬಿಗಿಸಿ, ಅಲ್ಲಿಂದ ಒಂದೊಂದೇ ಕ್ಲಿಕ್ಕು ಸಡಿಲಿಸುತ್ತ, ನಾಲೆಯ ದಾರಿಯಲ್ಲಿ ಎರಡು ದಿನ ಓಡಾಡಿದೆವು. ಎಣ್ಣೆ ಬಿಗಿಯಾಗಿದ್ದಾಗ ಒಂದು ವಿಚಿತ್ರ ಕಂಡಿತು: ಸಾಲು ಹಳ್ಳಗಳಲ್ಲಿ ಚಕ್ರವು ಒಂದರಿಂದ ಮೇಲೆ ಬರುವುದರೊಳಗೆ ಮುಂದಿನದು ಎದುರಾಗಿ, ಗಾಡಿ ಹಂತಹಂತವಾಗಿ ಕುಸಿಯುತ್ತ ಹೋಗಿ ಆ ರಬ್ಬರಿನ ಗುಬುಟಿಗೇ ಬಡಿಯುತ್ತಿತ್ತು. ಸಡಿಲಿಸಿದಂತೆ ಅದು ಹೋಯಿತು. ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಂಖ್ಯೆ ಬರೆದೆವು: 'ಅಜ್ಜಿ – ೨೨. ಓಟ – ೮.'

ಫೆಬ್ರವರಿಯಲ್ಲಿ ಹುಡುಗನು ಕೊಯಮತ್ತೂರಿಗೆ ಹೋಗಿ ಬಂದನು. ಮುಖ ಹೊಳೆಯುತ್ತಿತ್ತು. "ಎಲ್ಲಿಗ್ಲಾ ಹೋಗಿದ್ದೆ ಅಷ್ಟು ಜೋರಾಗಿ?" ಎಂದು ಅವ್ವ ಕೇಳಿದಳು. "ಎಲ್ಲಿಗೂ ಇಲ್ಲ ಅಜ್ಜಿ, ಸುತ್ತಿ ಸುತ್ತಿ ಹೊರಟಲ್ಲಿಗೇ ಬರೋದು." "ಆಲೆಮನೆ ಗಾಣದೆತ್ತೂ ಅದ್ನೇ ಮಾಡ್ತಿತ್ತು. ಅದ್ಕೆ ಬೆಲ್ಲನಾದ್ರೂ ಬರ್ತಿತ್ತು."

ಮುಂದಿನ ವಾರ ಅವನು ತಿರುಪುಗಳನ್ನು ಇಪ್ಪತ್ತೆರಡಕ್ಕೆ ತಂದು ಅವ್ವನನ್ನು ಮೈಸೂರಿಗೆ ಕರೆದೊಯ್ದನು. ಅಣ್ಣನೂ ಮುಂದಿನ ಪೀಠದಲ್ಲಿ ಕುಳಿತನು. ಪರೀಕ್ಷಕನಂತೆ ಬಾಯಿ ಬಿಗಿದುಕೊಂಡೇ ಕುಳಿತಿದ್ದನು. ಶ್ರೀರಂಗಪಟ್ಟಣ ಬರುವ ವೇಳೆಗೆ ಅವ್ವನಿಗೆ ಜೊಂಪು ಹತ್ತಿತ್ತು. ಮನೆಗೆ ಮರಳಿದ ಮೇಲೆ ಬೆನ್ನು ಹೇಗಿದೆಯೆಂದು ಕೇಳಿದೆನು. "ಹಳ್ಳ ಬಂದ್ರೆ ಗೊತ್ತಾಯ್ತದೆ ಕಣಪ್ಪ. ಹೊಡಿಯಕಿಲ್ಲ" ಎಂದಳು. ಅಣ್ಣನು ಏನೂ ಹೇಳದೆ ಎಲೆ ಹಾಕಿಸಿ, ಮಗನನ್ನು ಪಕ್ಕಕ್ಕೆ ಕರೆದನು.

ನಾಲೆಯ ಮೋರಿಯ ಬಳಿಯ ಉಬ್ಬಿನಲ್ಲಿ ಮಾತ್ರ ಈಗಲೂ ಗಾಡಿಯನ್ನು ನಿಲ್ಲಿಸಿದಂತೆ ಮಾಡಿ ಓರೆಯಾಗಿ ದಾಟಿಸುತ್ತಾನೆ. ಕಬ್ಬು ಸಾಗುವ ಕಾಲದಲ್ಲಿ ಕೊಳವೆಯ ಮರೆಗೆ ಕೆಸರು ಹತ್ತಿ ಬಳೆ ಹಿಡಿದುಕೊಳ್ಳುವುದುಂಟು. ಹದಿನೈದು ದಿನಕ್ಕೊಮ್ಮೆ ಅವನು ಊರಿಗೆ ಬಂದಾಗ ಹಳೆಯ ಹಲ್ಲುಜ್ಜುವ ಕುಂಚದಿಂದ ಅದನ್ನು ಉಜ್ಜುತ್ತ ಕೂರುತ್ತಾನೆ. ಪಕ್ಕದಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿರುತ್ತಾಳೆ.