ನಂಬಿ ಕೆಟ್ಟವರ ವಕೀಲ

ವೈದ್ಯನ ಬಳಿಗೆ ಬರುವವನಿಗೆ ರೋಗ ವಾಸಿಯಾಗಬೇಕೆಂಬ ಆಸೆಯಿರುತ್ತದೆ. ವಕೀಲನ ಬಳಿಗೆ ಬರುವವನಿಗೆ ಮೊಕದ್ದಮೆ ಗೆಲ್ಲಬೇಕೆಂಬ ಹಟವಿರುತ್ತದೆ. ನನ್ನ ಬಳಿಗೆ ಬರುವವರ ರೀತಿಯೇ ಬೇರೆ. ನಾನು ಗೆಲ್ಲುವುದು ಅವರಲ್ಲಿ ಅನೇಕರಿಗೆ ಬೇಕಿಲ್ಲ!

ಜನರಿಂದ ಠೇವಣಿ ಕೂಡಿಸಿ, ಕೊನೆಗೆ ಕೈಯೆತ್ತಿದ ಸಂಸ್ಥೆಗಳ ಮೇಲೆ ಸರ್ಕಾರ ಹೂಡುವ ಪ್ರಕರಣಗಳನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಸುವುದು ನನ್ನ ಕೆಲಸ. ಷೇರುಪೇಟೆಯಲ್ಲಿ ಹಣ ಹೂಡುವವರನ್ನು ಕಾಯಲು ಸೆಬಿ ಎಂಬ ಸಂಸ್ಥೆಯಿದೆ; 1992ರಲ್ಲಿ ಅದಕ್ಕೆ ಶಾಸನದ ಬಲವೂ ಬಂದಿತು. ಆದರೆ ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಷೇರುಪೇಟೆಯ ಮುಖವನ್ನೇ ಕಂಡವರಲ್ಲ. ಪಿಂಚಣಿಯ ಗಂಟು, ಮಗಳ ಮದುವೆಗೆಂದು ಕೂಡಿಟ್ಟ ಹಣ, ಮಾರಿದ ಅರ್ಧ ಎಕರೆಯ ಬೆಲೆ, ಇಂಥವನ್ನು ಕೊಟ್ಟು, ಹೊಂಬಣ್ಣದ ಅಂಚಿನ ಒಂದು ಕಾಗದವನ್ನು ಪಡೆದವರು. ಆ ಕಾಗದವನ್ನು ಮಡಿಕೆಯೂ ಬೀಳದಂತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತರುತ್ತಾರೆ.

ಮೋಸದ ಲೆಕ್ಕ ಬಹು ಸರಳವಾದುದು. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯೆಂದು ಹೇಳಿ ಒಂದು ಲಕ್ಷ ಪಡೆದವನು, ಬೇರಾವ ಉದ್ಯೋಗವನ್ನೂ ಮಾಡದೆ, ಆ ಒಂದು ಲಕ್ಷದಿಂದಲೇ ಇಪ್ಪತ್ತು ತಿಂಗಳ ಕಾಲ ಬಡ್ಡಿ ಕೊಡಬಲ್ಲನು. ಅಷ್ಟು ದಿನವೂ ಅವನು ಸತ್ಯಹರಿಶ್ಚಂದ್ರ. ಅಷ್ಟರಲ್ಲಿ ಅವನ ಕೀರ್ತಿಯನ್ನು ಕೇಳಿದ ಹತ್ತು ಮಂದಿ ಹೊಸಬರು ಹಣ ತಂದು ಸುರಿದಿರುತ್ತಾರೆ. ಮೊದಲು ಬಂದವನ ಬಡ್ಡಿಯೆಂದರೆ ಕೊನೆಗೆ ಬಂದವನ ಅಸಲು. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೋಂಜಿ ಎಂಬಾತನು ನಲವತ್ತೈದು ದಿನಗಳಲ್ಲಿ ನೂರಕ್ಕೆ ಐವತ್ತು ಲಾಭವೆಂದು ಸಾರಿ, ಅದೇ ವರ್ಷದ ಆಗಸ್ಟ್‌ನಲ್ಲಿ ಸೆರೆ ಸಿಕ್ಕನು. ಶತಮಾನವೇ ಕಳೆದರೂ ಲೆಕ್ಕ ಬದಲಾಗಿಲ್ಲ. ಕಾಗದದ ಮೇಲಿನ ಹೆಸರು ಮಾತ್ರ ಬದಲಾಗುತ್ತದೆ.

ಇಷ್ಟು ಸರಳವಾದುದು ಬುದ್ಧಿವಂತರಿಗೆ ಹೊಳೆಯುವುದಿಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಯನ್ನೇ ಆರೋಪಿಯ ವಕೀಲರು ಪಾಟಿ ಸವಾಲಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಹಾಕಿದರು.

"ಮೇಷ್ಟ್ರೇ, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ನೀವು. ಇಷ್ಟು ಬಡ್ಡಿ ಯಾರೂ ಕೊಡಲಾರರೆಂದು ನಿಮಗೆ ತಿಳಿಯಲಿಲ್ಲವೆ?"

"ತಿಳಿದಿತ್ತು ಸ್ವಾಮಿ. ಆದರೆ ಕಾಗದ ತಂದುಕೊಟ್ಟವನು ನನ್ನ ತಂಗಿಯ ಮಗ. ಬ್ಯಾಂಕಿನವರು ನನಗೆ ಏನಾಗಬೇಕು?"

ನ್ಯಾಯಾಲಯ ಒಂದು ಗಳಿಗೆ ಸ್ತಬ್ಧವಾಯಿತು. ಈ ವ್ಯಾಪಾರದ ನಿಜವಾದ ಬಂಡವಾಳ ಯಾವುದೆಂಬುದನ್ನು ಮೇಷ್ಟ್ರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಸೋದರಳಿಯನೂ ಕೇಡಿಗನಲ್ಲ, ತನ್ನ ಹೆಂಡತಿಯ ಒಡವೆ ಮಾರಿ ಅಲ್ಲಿಯೇ ಹಣ ಹಾಕಿದ್ದವನು. ಇಂದು ಆ ಎರಡು ಮನೆಗಳ ನಡುವೆ ಹಬ್ಬದ ಊಟವೂ ಇಲ್ಲ, ಸಾವಿನ ಸೂತಕಕ್ಕೆ ಹೋಗಿಬರುವುದೂ ಇಲ್ಲ. ಈ ನಷ್ಟವನ್ನು ತುಂಬಿಕೊಡುವ ಕಲಮು ಯಾವ ಕಾಯಿದೆಯಲ್ಲಿಯೂ ಇಲ್ಲ.

ಆ ಮೇಷ್ಟ್ರು ಸಾಕ್ಷಿಕಟ್ಟೆ ಹತ್ತಿದ್ದೇ ದೊಡ್ಡ ಮಾತು. ಅದಕ್ಕೆ ಮುನ್ನ ಅವರು ನನ್ನ ಕೊಠಡಿಗೆ ಬಂದು, "ಅವನನ್ನು ಜೈಲಿಗೆ ಹಾಕಿಬಿಟ್ಟರೆ ನನ್ನ ದುಡ್ಡು ಕೊಡುವವರು ಯಾರು ಸ್ವಾಮಿ?" ಎಂದು ಕೈಮುಗಿದಿದ್ದರು. ಬಹಳ ಮಂದಿಯ ಭಾವನೆ ಇದೇ. ಆರೋಪಿಯೂ ಇದನ್ನು ಚೆನ್ನಾಗಿ ಬಲ್ಲನು. "ಬರುವ ಯುಗಾದಿಗೆ ಎಲ್ಲರ ಹಣವೂ ಚುಕ್ತಾ" ಎಂದು ಹೇಳಿಕಳುಹಿಸುತ್ತಾನೆ. ನನ್ನ ಸಾಕ್ಷಿಗಳ ನಾಲಿಗೆ ಕಟ್ಟಿಹೋಗುತ್ತದೆ.

ಕಾನೂನು ಮಲಗಿದೆಯೆಂದಲ್ಲ. ಠೇವಣಿದಾರರ ಹಿತರಕ್ಷಣೆಗೆಂದು ಕರ್ನಾಟಕದಲ್ಲಿ 2004ರ ಕಾಯಿದೆಯಿದೆ. ಅದರಂತೆ ಸರ್ಕಾರವು ಆಸ್ತಿಯನ್ನು ಜಪ್ತಿ ಮಾಡಿ ಸಕ್ಷಮ ಪ್ರಾಧಿಕಾರದ ವಶಕ್ಕೆ ಕೊಡುತ್ತದೆ. ನ್ಯಾಯಾಲಯ ಜಪ್ತಿಯನ್ನು ಸ್ಥಿರಪಡಿಸಿದ ಮೇಲೆ ಹರಾಜಾಗಿ, ಬಂದ ಹಣ ಠೇವಣಿದಾರರಿಗೆ ಹಂಚಿಕೆಯಾಗುತ್ತದೆ. ಆದರೆ ಜಪ್ತಿಗೆ ಹೋದಾಗ ಸಿಕ್ಕುವುದೇನು? ಅಡಮಾನವಾದ ನಿವೇಶನ, ಸಾಲದಲ್ಲಿ ಕೊಂಡ ಕಾರು, ಬಾಡಿಗೆಯ ಕಚೇರಿಯಲ್ಲಿನ ಮೆತ್ತನೆಯ ಕುರ್ಚಿಗಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಈ ಕೊರತೆಯನ್ನು ನೀಗಲೆಂದೇ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆ 2019ರಲ್ಲಿ ಬಂದಿತು. ಇದರಂತೆ ಹಣ ಮುಳುಗುವವರೆಗೆ ಕಾಯಬೇಕಾಗಿಲ್ಲ. ಅಂಥ ಠೇವಣಿಯನ್ನು ಕೇಳಿದರೇ ಒಂದರಿಂದ ಐದು ವರ್ಷ, ಪಡೆದರೆ ಎರಡರಿಂದ ಏಳು ವರ್ಷ ಸೆರೆವಾಸ. ಬಾಗಿಲೇನೋ ಸಕಾಲಕ್ಕೆ ಸಿದ್ಧವಾಯಿತು. ಆದರೆ ಆ ಹೊತ್ತಿನಲ್ಲಿ ದೂರು ಕೊಡಬೇಕಾದವನ ಕೈಗೆ ಪ್ರತಿ ತಿಂಗಳೂ ಬಡ್ಡಿ ತಪ್ಪದೆ ಬೀಳುತ್ತಿರುತ್ತದೆ. ಅವನೇಕೆ ಪೊಲೀಸು ಠಾಣೆಯ ಮೆಟ್ಟಿಲು ಹತ್ತುತ್ತಾನೆ?

ಆದುದರಿಂದ ಕಾನೂನಿಗಿಂತ ಮುಂಚೆ ಬಾಗಿಲು ಕಾಯಬೇಕಾದವರು ನಾವೇ. "ಈ ಬಡ್ಡಿ ಎಲ್ಲಿಂದ ಹುಟ್ಟುತ್ತದೆ? ಠೇವಣಿ ಪಡೆಯಲು ಇವರಿಗೆ ಅನುಮತಿ ಕೊಟ್ಟವರು ಯಾರು?" ಎಂಬ ಎರಡು ಪ್ರಶ್ನೆಗಳು ಸಾಕು. ಅಪರಿಚಿತನನ್ನು ಹೀಗೆ ಕೇಳುವುದು ಸುಲಭ. ಕೇಳಬೇಕಾಗಿರುವುದು ನಮ್ಮ ನಡುಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುವ ಭಾವಮೈದುನನನ್ನು, ಗೆಳೆಯನನ್ನು, ಎದುರುಮನೆಯ ಹಿರಿಯರನ್ನು. ಅವರ ಮುಖ ಸ್ವಲ್ಪ ಬಾಡಬಹುದು, ಕಾಫಿ ಆರಿಹೋಗಬಹುದು. ಆದರೂ ಕೇಳಿಬಿಡಿ. ಹಾಗೆ ಬಾಡಿದ ಮುಖ ಮುಂದಿನ ಹಬ್ಬದೊಳಗೆ ಅರಳೀತು. ಕೇಳದೆ ಉಳಿದ ಬಂಧುಗಳನ್ನು ನಾನು ನ್ಯಾಯಾಲಯದ ಮೊಗಸಾಲೆಯಲ್ಲಿ ದಿನವೂ ನೋಡುತ್ತೇನೆ. ಒಂದೇ ಬೆಂಚಿನ ಎರಡು ತುದಿಗಳಲ್ಲಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕುಳಿತಿರುತ್ತಾರೆ.